ನಮ್ಮವರಿಗೊಂದು ನ್ಯಾಯ, ಪರರಿಗೊಂದು ನ್ಯಾಯ ಸಲ್ಲದು

(ಬಸವಾಪಟ್ಟಣದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ಪ್ರವಾದಿ(ಸ)ರ ಕಾಲದಲ್ಲಿ ಮಖ್ಝೂಮ್ ಎಂಬ ಪ್ರತಿಷ್ಠಿತ ಮನೆತನದ ಮಹಿಳೆಯೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಳು. ಮನೆತನದ ಮಾನ ಉಳಿಯಲೆಂದು ಜನರು ಉಸಾಮಾ(ರ)ರಿಂದ ಶಿಫಾರಸು ಮಾಡಿಸಿದರು. ಪ್ರವಾದಿ(ಸ)ರು ಕೋಪಗೊಂಡರು. ದೊಡ್ಡವರನ್ನು ಬಿಟ್ಟು ಬಡವರನ್ನು ಶಿಕ್ಷಿಸಿದ್ದರಿಂದಲೇ ಹಿಂದಿನವರು ನಾಶವಾದರು, ಸ್ವಂತ ಮಗಳು ಫಾತಿಮಾ ಕದ್ದರೂ ಶಿಕ್ಷೆ ತಪ್ಪದು ಎಂದು ಎಚ್ಚರಿಸಿದರು.

ಇದನ್ನು ಕೇಳಿ ಎಲ್ಲರೂ ತಲೆದೂಗುತ್ತೇವೆ. ಆದರೆ ನಮ್ಮ ತಾಲೂಕಿನಲ್ಲೇ ದೊಡ್ಡವರ ಮೇಲೆ ಆರೋಪ ಬಂದಾಗ ನಾವು ಹೇಗೆ ನಡೆದುಕೊಂಡೆವು?

2023ರ ಮಾರ್ಚ್ 2ರಂದು, ಅಂದಿನ ಚನ್ನಗಿರಿ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಮಗ 40 ಲಕ್ಷ ರೂಪಾಯಿ ಲಂಚ ಪಡೆದ ಆರೋಪದಲ್ಲಿ ಬೆಂಗಳೂರಿನಲ್ಲಿ ಲೋಕಾಯುಕ್ತ ಪೊಲೀಸರಿಗೆ ಸಿಕ್ಕರು. ತಂದೆ ಅಧ್ಯಕ್ಷರಾಗಿದ್ದ ಸರ್ಕಾರಿ ಸಾಬೂನು ಕಾರ್ಖಾನೆಯ ಟೆಂಡರಿಗೆ ಸಂಬಂಧಿಸಿದ ಆರೋಪವದು. ಮನೆಯ ಶೋಧದಲ್ಲಿ ಸುಮಾರು 6 ಕೋಟಿ ರೂಪಾಯಿ ನಗದು ಸಿಕ್ಕಿತು. ಅದು ಅಡಿಕೆಯ ಹಣ, ಲೆಕ್ಕ ಕೊಡುತ್ತೇವೆ ಎಂದು ಶಾಸಕರು ಹೇಳಿದರು. ಮಾರ್ಚ್ 7ರಂದು ಹೈಕೋರ್ಟಿನಿಂದ ಅವರಿಗೆ ಮಧ್ಯಂತರ ನಿರೀಕ್ಷಣಾ ಜಾಮೀನು ಸಿಕ್ಕಿತು. ಊರಲ್ಲಿ ಪಟಾಕಿ, ಹಾರ, ಮೆರವಣಿಗೆ ನಡೆಯಿತು. ಮಾರ್ಚ್ 27ರಂದು ಅರ್ಜಿ ವಜಾ ಆಯಿತು, ಅದೇ ದಿನ ಬಂಧನವೂ ಆಯಿತು. ಆದರೆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅವರ ಮೇಲಿನ ಆ ಪ್ರಕರಣವನ್ನು ರದ್ದುಪಡಿಸಿತು.

ಮಧ್ಯಂತರ ಜಾಮೀನು ಸಿಕ್ಕಿದ್ದಕ್ಕೆ ಹಾರ ಹಾಕಿದವರು ಆತುರಪಟ್ಟರು. ಬಂಧನವಾದಾಗ ಟೀ ಅಂಗಡಿಯಲ್ಲಿ ಕುಳಿತು ನಕ್ಕ ನಮ್ಮವರೂ ಆತುರಪಟ್ಟರು. ಜಾಮೀನು ನಿರ್ದೋಷಿ ಎಂಬ ತೀರ್ಪಲ್ಲ, ಬಂಧನ ಅಪರಾಧಿ ಎಂಬ ತೀರ್ಪೂ ಅಲ್ಲ. ನ್ಯಾಯಾಲಯ ಪ್ರಕರಣ ರದ್ದುಪಡಿಸಿದ ಮೇಲೂ ಒಬ್ಬರನ್ನು ಕಳ್ಳ ಎನ್ನುವುದು ಅಪವಾದ. ಅದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದೀತು. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎಂದು ಸೂರಃ ಅಲ್‌ಮಾಇದಾದಲ್ಲಿ ಆದೇಶವಿದೆ. ಅವರು ನಮ್ಮ ಪಕ್ಷದವರಲ್ಲ ಎಂಬುದು ಪುರಾವೆಯಾಗದು.

ಸೂರಃ ಅನ್ನಿಸಾದ ಆದೇಶವಂತೂ ಇನ್ನೂ ಕಠಿಣ. ಸ್ವತಃ ನಿಮ್ಮ ವಿರುದ್ಧ, ತಂದೆತಾಯಿಯ ವಿರುದ್ಧವಾದರೂ ಸತ್ಯದ ಸಾಕ್ಷಿಗಳಾಗಿ ಎನ್ನುತ್ತದೆ ಅದು. ನಮ್ಮ ಸಮುದಾಯದ ನಾಯಕನ ಮೇಲೆ ವಕ್ಫ್ ಜಮೀನಿನ ಆರೋಪ ಬಂದರೆ, ವಿಚಾರಿಸುವ ಮೊದಲೇ “ಪಿತೂರಿ” ಎನ್ನುವವರು ನಾವೇ ಅಲ್ಲವೇ? ಲೆಕ್ಕ ಕೇಳಿದವನನ್ನು ಜಮಾಅತಿನ ಶತ್ರು ಎಂದು ನೋಡುವವರೂ ನಾವೇ ಅಲ್ಲವೇ?

ಝಕಾತ್ ವಸೂಲಿಗೆ ಹೋಗಿದ್ದ ಒಬ್ಬರು ಮರಳಿ ಬಂದು, ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದರು. ತಂದೆತಾಯಿಯ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ)ರು ಮಿಂಬರಿನ ಮೇಲೆ ನಿಂತು ಕೇಳಿದರು. ಶಾಸಕರಿರಲಿ, ಮುತವಲ್ಲಿ ಇರಲಿ, ಹುದ್ದೆಯಲ್ಲಿರುವ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಇದೆ. ಮಿಂಬರ್ ಮೇಲೆ ನಿಂತ ಈ ಇಮಾಮನಿಗೂ ಇದೆ.

ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆ. 2018ರ ತಿದ್ದುಪಡಿಯ ನಂತರ ನಮ್ಮ ದೇಶದ ಕಾನೂನಿನಲ್ಲೂ ಕೊಡುವವನು ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನದೊಳಗೆ ದೂರು ಕೊಟ್ಟರೆ ಅವನಿಗೆ ರಕ್ಷಣೆಯಿದೆ. ಖಾತೆ ಬದಲಾವಣೆಗೆ, ಪಹಣಿ ತಿದ್ದುಪಡಿಗೆ ಕವರು ಹಿಡಿದು ಹೋಗುವ ನಾವು ಕೋಟಿಯ ಸುದ್ದಿಗೆ ಮಾತ್ರ ಬಾಯಿ ತೆರೆಯುವುದು ಸರಿಯಲ್ಲ. ನಾಯಕರಿಂದ ಲೆಕ್ಕ ಕೇಳಿ, ಕಾನೂನಿನ ದಾರಿಯಲ್ಲೇ ಕೇಳಿ. ಅದಕ್ಕೂ ಮೊದಲು ನಿಮ್ಮ ಖೇಣಿಯ ಲೆಕ್ಕ, ತೂಕದ ಲೆಕ್ಕ, ಮಸೀದಿಯ ಲೆಕ್ಕ ಸರಿಯಿರಲಿ.

ಯಾ ಅಲ್ಲಾಹ್, ನಮ್ಮವರ ವಿಷಯದಲ್ಲೂ ಪರರ ವಿಷಯದಲ್ಲೂ ನ್ಯಾಯವನ್ನೇ ನುಡಿಯುವ ಧೈರ್ಯವನ್ನು ನಮಗೆ ಕರುಣಿಸು. ಆಮೀನ್.