ಭುಜ್‌ನ ಬೀದಿ ಕಲಿಸಿದ ಪಾಠ
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



2001ರ ಜನವರಿ 26. ನಾನಾಗ ಎಂಟನೇ ತರಗತಿ. ಇದೇ ಮೈದಾನದಲ್ಲಿ ಧ್ವಜಾರೋಹಣ ಮುಗಿಸಿ, ಸಿಹಿ ತಿಂದು ಮನೆಗೆ ಹೋದೆವು. ಅದೇ ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಚ್ಛ್‌ನಲ್ಲಿ ಭೂಕಂಪವಾಗಿತ್ತು. ಅಂಜಾರ್ ಎಂಬ ಊರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ 185 ಮಕ್ಕಳು, 20 ಶಿಕ್ಷಕರು ಕಿರಿದಾದ ಬೀದಿಯಲ್ಲಿ ಅಕ್ಕಪಕ್ಕದ ಕಟ್ಟಡಗಳು ಕುಸಿದು ತೀರಿಕೊಂಡರು. ನಮ್ಮ ಹಾಗೆಯೇ ಸಮವಸ್ತ್ರ ತೊಟ್ಟು ಹೊರಟಿದ್ದ ಮಕ್ಕಳು.

ಮುಂದಿನ ವಾರ ಮೇಷ್ಟ್ರು ಪರಿಹಾರ ನಿಧಿಗೆಂದು ತರಗತಿಗೆ ಡಬ್ಬಿ ತಂದರು. ಅಪ್ಪ ಹತ್ತು ರೂಪಾಯಿ ಕೊಟ್ಟಿದ್ದರು. ಐದನ್ನು ಡಬ್ಬಿಗೆ ಹಾಕಿದೆ, ಉಳಿದ ಐದಕ್ಕೆ ದೋಸೆ ತಿಂದೆ. ಮೇಷ್ಟ್ರೇ, ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮೂರು ವಾರ ಭುಜ್‌ನಲ್ಲಿ ಇರಬೇಕಾಯಿತು. ನಾನಿದ್ದ ಮನೆಯ ಯಜಮಾನರು ಬಟ್ಟೆ ವ್ಯಾಪಾರಿ. ಭೂಕಂಪದಲ್ಲಿ ಅವರ ತಮ್ಮ ತೀರಿಕೊಂಡಿದ್ದರು. ಬೀದಿ ಎಷ್ಟು ಕಿರಿದಾಗಿತ್ತೆಂದರೆ ಜೆಸಿಬಿ ಒಳಗೆ ಬರಲಾಗಲಿಲ್ಲ. ನೆರೆಹೊರೆಯವರೇ ಕೈಯಲ್ಲಿ ಕಲ್ಲು ಸರಿಸಿದರು. ಎರಡನೇ ದಿನ ದೇಹ ಸಿಕ್ಕಿತು.

ಊರನ್ನು ಮತ್ತೆ ಕಟ್ಟುವಾಗ ರಸ್ತೆ ಅಗಲಿಸಲು ಎಲ್ಲರ ನಿವೇಶನದಿಂದಲೂ ಜಾಗ ತೆಗೆದುಕೊಂಡರು. ದೊಡ್ಡ ನಿವೇಶನಕ್ಕೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಕಲ್ಲು ಸರಿಸಲು ಬಂದಿದ್ದ ಪಕ್ಕದ ಮನೆಯವರ ಜೊತೆಯೇ ಇವರು ಗಡಿಯ ವಿಚಾರಕ್ಕೆ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಮನೆ ಕಟ್ಟುವ ಸಹಾಯಧನವೂ ಕಂತಿನಲ್ಲೇ ಬರುತ್ತಿತ್ತು. ಎಂಜಿನಿಯರ್ ಬಂದು ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಿದ್ದಾರೋ ಇಲ್ಲವೋ ನೋಡಿ ಒಪ್ಪಬೇಕಿತ್ತು. "ಆಗ ಬಹಳ ಬೈದುಕೊಂಡೆ. ಹೋದ ವರ್ಷ ಅಮ್ಮನಿಗೆ ಹುಷಾರಿಲ್ಲದಾಗ ಆಂಬುಲೆನ್ಸ್ ಬಾಗಿಲಿಗೇ ಬಂತು. ಅವರನ್ನು ಎತ್ತಿ ಕೂರಿಸಿದವನು ಅದೇ ಪಕ್ಕದ ಮನೆಯವನು" ಎಂದರು.

ನಮ್ಮದು ಭೂಕಂಪದ ಅಪಾಯ ಕಡಿಮೆ ಇರುವ ಸೀಮೆ, ನಿಜ. ಆದರೂ ಪಕ್ಕದ ಕೆಜಿಎಫ್‌ನಲ್ಲಿ ಗಣಿಯೊಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳು ಅದುರುತ್ತಿದ್ದುದನ್ನು ಹಿರಿಯರು ಬಲ್ಲರು. ಮಣ್ಣಿನ ಗೋಡೆಯ ಮೇಲೆ ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆಗಳು ಮುಳಬಾಗಿಲಿನಲ್ಲೂ ಇವೆ. ಚರಂಡಿ ದಾಟಿ ರಸ್ತೆಗೆ ಮೆಟ್ಟಿಲು ಕಟ್ಟುವವರಲ್ಲಿ ನಮ್ಮ ಮನೆಯವರೂ ಸೇರಿದ್ದೇವೆ. ಹೋದ ತಿಂಗಳು ಅಪ್ಪನಿಗೆ ಹೇಳಿ ಆ ಮೆಟ್ಟಿಲನ್ನು ಒಳಗೆ ಸರಿಸಿದೆವು. ಅಪ್ಪ ಇನ್ನೂ ಮುನಿಸಿಕೊಂಡಿದ್ದಾರೆ.

ಮಕ್ಕಳೇ, ನೆಲ ಅದುರಿದರೆ ಮೇಜಿನ ಕೆಳಗೆ ಸೇರಿ ತಲೆಗೆ ಕೈ ಅಡ್ಡ ಹಿಡಿಯಿರಿ. ನಿಂತ ಮೇಲೆ, ನೂಕಾಡದೆ ಬಯಲಿಗೆ ಬನ್ನಿ. ಮುಖ್ಯೋಪಾಧ್ಯಾಯರು ಒಪ್ಪಿದರೆ ಪ್ರತಿ ಜನವರಿ 26ರಂದು ಧ್ವಜಾರೋಹಣ ಮುಗಿದ ಮೇಲೆ ಬಂದು ಹತ್ತು ನಿಮಿಷ ಇದನ್ನು ಅಭ್ಯಾಸ ಮಾಡಿಸುತ್ತೇನೆ. ಆ ಐದು ರೂಪಾಯಿಯ ಬಾಕಿ ಹಾಗಾದರೂ ತೀರಲಿ.