ಕಪಾಟಿನೊಳಗಿನ ಕರ್ನಾಟಕ



ನಾವು ಓದಿ ಮೆಚ್ಚಿದ ಪುಸ್ತಕಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದ ಹಿರಿಯರ ಅಪ್ಪಣೆಯಾಗಿದೆ. ನಾವು ಸಾಹಿತಿಗಳಲ್ಲ, ವಿಮರ್ಶಕರೂ ಅಲ್ಲ. ಕಲಿತದ್ದು ಬಿ.ಕಾಂ.; ಹಗಲೆಲ್ಲ ಬ್ಯಾಂಕಿನ ಜಮಾ-ಖರ್ಚು. ಲೋಕಲ್ ಗಾಡಿಯಲ್ಲಿ ಕೂಡಲು ಜಾಗ ಸಿಕ್ಕಿದ ದಿನವೇ ನಮ್ಮ ಸಾಹಿತ್ಯ ವ್ಯಾಸಂಗ. ಆದುದರಿಂದ ಇದನ್ನು ಸಾಮಾನ್ಯ ಓದುಗನ ಲೆಕ್ಕಪತ್ರವೆಂದೇ ತಾವು ಭಾವಿಸಬೇಕು.

1956ರ ನವೆಂಬರ್ 1ಕ್ಕೆ ಮೊದಲು ಕನ್ನಡನಾಡು ಮುಖ್ಯವಾಗಿ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತಷ್ಟೆ. ನಮ್ಮ ಕಪಾಟಿನಲ್ಲಿ ಆ ಐದು ಸೀಮೆಗಳೂ ಅಕ್ಕಪಕ್ಕ ನಿಂತಿವೆ.

ನಮ್ಮ ಹಿರಿಯರು ಧಾರವಾಡದ ಕಡೆಯವರು. ರಾವಬಹಾದ್ದೂರರ ‘ಗ್ರಾಮಾಯಣ’ (1957) ತೆರೆದರೆ ನಮ್ಮ ಅಜ್ಜಿಯ ಮಾತೇ ಕಿವಿಗೆ ಬಿದ್ದಂತಾಗುತ್ತದೆ. ಆದರೆ ಒಳಜಗಳದಿಂದ ಒಂದು ಹಳ್ಳಿ ಕ್ಷೀಣಿಸುವುದನ್ನು ಓದುವಾಗ, ಊರೆಂದರೆ ಬರಿಯ ಸುಖದ ನೆನಪೆಂಬ ನಮ್ಮ ಭ್ರಮೆ ಹರಿಯುತ್ತದೆ. ಗೊರೂರರ ‘ಹಳ್ಳಿಯ ಚಿತ್ರಗಳು’ (1930) ನಮ್ಮನ್ನು ಹೇಮಾವತಿಯ ದಂಡೆಯ ಮೇಲೆ ಕೂಡಿಸಿ ನಗಿಸಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಓದಿದ ಮೇಲೆ, 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತೆಂಬ ಶಾಲೆಯ ಒಂದು ಸಾಲಿನ ಹಿಂದೆ ಎಷ್ಟು ಜನರ ಕಣ್ಣೀರಿತ್ತೆಂಬುದು ತಿಳಿಯಿತು. ಗೀತಾ ನಾಗಭೂಷಣರ ‘ಬದುಕು’ (2001) ಕಲಬುರ್ಗಿ ಸೀಮೆಯ ದುಡಿಯುವ ಜನರ ಕನ್ನಡವನ್ನು, ಅವರ ಬೇಗೆಯನ್ನು, ಸೋಸದೆ ನಮ್ಮ ಮುಂದಿಟ್ಟಿತು.

ಕಾರಂತರ ‘ಮರಳಿ ಮಣ್ಣಿಗೆ’ಯದು ಬೇರೆಯೇ ಮಾತು. ಕಡಲತಡಿಯ ಆ ಮನೆಯನ್ನು ಎತ್ತಿ ಹಿಡಿದವರು ಪಾರೋತಿ, ಸರಸೋತಿ, ನಾಗವೇಣಿಯರು. ಮೊಮ್ಮಗ ರಾಮನು ಮದರಾಸು, ಮುಂಬಯಿಗಳನ್ನು ಕಂಡು ಕೊನೆಗೆ ಊರಿಗೆ ಮರಳುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ನಾವು ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುತ್ತೇವೆ. ಮನೆಯ ಸಾಲದ ಕಂತು, ಮಕ್ಕಳ ಶಾಲೆ ಎಲ್ಲ ಇಲ್ಲಿಯೇ. ನಮ್ಮಲ್ಲಿ ಬಹಳ ಮಂದಿ ಮರಳುವವರಲ್ಲ. ಇಲ್ಲಿಯ ನಮ್ಮ ಬಾಳಿಗೂ ಕನ್ನಡಿ ಬೇಕಲ್ಲ! ಅದನ್ನು ಚಿತ್ತಾಲರ ‘ಶಿಕಾರಿ’ (1979) ಹಿಡಿಯಿತು. ನೌಕರಿಯಿಂದ ಅಮಾನತ್ತಾದ ನಾಗಪ್ಪನ ದಿಗಿಲು ಈ ಊರಿನ ಸಂಬಳದಾರನಾದ ಯಾರಿಗೆ ತಾನೆ ತಿಳಿಯದು?

ಮಣ್ಣಿಗೆ ಮರಳಲಾಗದವನಿಗೆ ಪುಸ್ತಕಕ್ಕಾದರೂ ಮರಳುವ ದಾರಿಯಿದೆ. ಆದರೆ ಆ ದಾರಿ ನಮ್ಮ ತಲೆಮಾರಿಗೇ ಮುಗಿದೀತೆಂಬ ಭಯ ನಮ್ಮದು. ನಮ್ಮ ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಓದಲಾರಳು. ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ. ನಾವು ಕೂಡಿಟ್ಟ ಗಂಟಿಗೆ ವಾರಸುದಾರರುಂಟು, ಬೀಗದ ಕೈ ಮಾತ್ರ ಅವರ ಬಳಿಯಿಲ್ಲ!

ಆದ್ದರಿಂದ ನಮ್ಮದೊಂದು ಬಿನ್ನಹ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಒಂದು ಪುಟ, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳೋಣ. ಗೊರೂರರಿಂದ ಆರಂಭಿಸಿದರೆ ನಗುತ್ತ ಕೇಳುತ್ತಾರೆ. ಕತೆಯ ರುಚಿ ಹತ್ತಿದ ಕೂಸು ಅಕ್ಷರವನ್ನು ತಾನೇ ಕೇಳಿ ಕಲಿತೀತು. ಇಂದು ರಾತ್ರಿಯಿಂದಲೇ ನಮ್ಮ ಮನೆಯಲ್ಲಿ ಇದಕ್ಕೆ ಖಾತೆ ತೆರೆಯುತ್ತೇವೆ, ತಾವೂ ತೆರೆಯಬೇಕು.