ರುಜು ಹಾಕುವ ಕೈಗಳು

ಇಂದು ಪದವಿ ಪಡೆದ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ವಿಮಾನದ ಕೆಲಸ ಅಂದರೆ ನಮ್ಮ ಊರುಗಳಲ್ಲಿ ಇವತ್ತಿಗೂ ಪೈಲಟ್ ಎಂದೇ ಅರ್ಥ. ನಾನು ಮೂವತ್ತು ವರ್ಷ ವಿಮಾನಗಳ ನಡುವೆ ದುಡಿದೆ, ಒಂದನ್ನೂ ಹಾರಿಸಲಿಲ್ಲ. ನಾನು ನಿರ್ವಹಣಾ ಎಂಜಿನಿಯರ್. ಊರು ಮಲಗಿದ ಮೇಲೆ ಟಾರ್ಚ್ ಹಿಡಿದು ಚಕ್ರ, ಬ್ರೇಕು, ಎಂಜಿನ್ನುಗಳನ್ನು ತಪಾಸಣೆ ಮಾಡುವುದು, ದೋಷ ಕಂಡರೆ ಸರಿಪಡಿಸಿ ಟೆಕ್ ಲಾಗ್ ಎಂಬ ದಾಖಲೆ ಪುಸ್ತಕದಲ್ಲಿ ರುಜು ಹಾಕುವುದು ನನ್ನ ಪಾಲಿನ ಕೆಲಸ. ಆ ರುಜು ಬೀಳದೆ ಎಂಥ ಅನುಭವಿ ಪೈಲಟ್ ಕೂಡ ವಿಮಾನವನ್ನು ಕದಲಿಸುವಂತಿಲ್ಲ.

ಆ ರುಜುವಿನ ತೂಕ ಎಷ್ಟು? 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿ, ಕ್ಯಾಪ್ಟನ್ನರ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಗಾಳಿ ಅವರನ್ನು ಅರ್ಧ ಮೈ ಹೊರಕ್ಕೆ ಸೆಳೆಯಿತು. ಕ್ಯಾಬಿನ್ ಸಿಬ್ಬಂದಿ ಓಡಿಬಂದು ಅವರ ಕಾಲು, ಸೊಂಟಗಳನ್ನು ಬಿಗಿಹಿಡಿದರು. ವಿಮಾನ ಸೌತಾಂಪ್ಟನ್‌ನಲ್ಲಿ ಇಳಿಯುವ ತನಕ ಬಿಡಲಿಲ್ಲ. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ತನಿಖೆಯಲ್ಲಿ ತಿಳಿದದ್ದು ಇಷ್ಟು: ಹೊಸ ಗಾಜು ಕೂರಿಸುವಾಗ ಹಾಕಿದ 90 ಬೋಲ್ಟುಗಳಲ್ಲಿ 84 ಬೇಕಾದ್ದಕ್ಕಿಂತ ತುಸು ತೆಳು. ಬಿಡಿಭಾಗಗಳ ಪುಸ್ತಕ ತೆರೆದು ಸಂಖ್ಯೆ ನೋಡುವ ಬದಲು ಹಳೆಯ ಬೋಲ್ಟಿನ ಪಕ್ಕ ಇಟ್ಟು ಕಣ್ಣಳತೆಯಲ್ಲೇ ಆರಿಸಲಾಗಿತ್ತು. ಅಪಾಯ ಹುಟ್ಟಿದ್ದು ನೆಲದ ಮೇಲಿನ ಕೈಯಿಂದ. ಕಾಪಾಡಿದವರಲ್ಲಿ ಊಟ ಬಡಿಸುವವರೆಂದು ನಾವು ತಿಳಿದವರೂ ಇದ್ದರು.

ಗಗನಸಖಿಯ ಕೆಲಸವನ್ನು ಅಲಂಕಾರ ಎಂದು ಯಾರಾದರೂ ಹೇಳಿದರೆ, 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ನಡೆದದ್ದನ್ನು ನೆನಪಿಸಿ. ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲೆ ಡಿಕ್ಕಿಯಾಗಿ ಹೊತ್ತಿಕೊಂಡಿತು, ಧ್ವನಿವರ್ಧಕ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನಿನಲ್ಲಿ, ಬರಿ ಗಂಟಲಿನಲ್ಲಿ ಕೂಗಿ, ಬೆಂಕಿಯಿಲ್ಲದ ಬಾಗಿಲುಗಳನ್ನಷ್ಟೇ ತೆರೆದು, 379 ಜನರನ್ನೂ ಹೊರಗೆ ತಂದರು.

ಈ ಕ್ಷೇತ್ರಕ್ಕೆ ಬರಲು ಇನ್ನೂ ಬಾಗಿಲುಗಳಿವೆ. ಹೋಗುವ ದಾರಿ, ಹವೆ, ಬೇಕಾದ ಇಂಧನ, ಇಳಿಯಲಾಗದಿದ್ದರೆ ಯಾವ ಊರಿಗೆ ತಿರುಗಬೇಕು ಎಂಬುದನ್ನು ಲೆಕ್ಕಹಾಕಿ ಕೊಡುವವರು ಫ್ಲೈಟ್ ಡಿಸ್ಪ್ಯಾಚರ್. ಸಾಮಾನಿನ ತೂಕ ಹಿಂದೆ ಮುಂದೆ ಸಮತೋಲನದಲ್ಲಿ ಹಂಚುವ ಲೋಡ್ ಕಂಟ್ರೋಲರ್ ತಪ್ಪಿದರೆ ವಿಮಾನ ಮೂತಿ ಎತ್ತಲಾಗದೆ ಹೋಗಬಹುದು. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಪದವೀಧರರನ್ನೂ ಎಂಜಿನಿಯರುಗಳನ್ನೂ ವಿಮಾನ ನಿಲ್ದಾಣ ಪ್ರಾಧಿಕಾರ ಪರೀಕ್ಷೆ ನಡೆಸಿ ಏರ್ ಟ್ರಾಫಿಕ್ ಕಂಟ್ರೋಲರ್ ಹುದ್ದೆಗೆ ತೆಗೆದುಕೊಳ್ಳುತ್ತದೆ. ವಿಮಾನ ಸಂಸ್ಥೆಯನ್ನೇ ಕಟ್ಟುವ ದಾರಿಯೂ ಇದೆ: ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥ್ ಸೈನ್ಯದಲ್ಲಿದ್ದವರು, ರೇಷ್ಮೆ ಬೆಳೆದವರು; 2003ರಲ್ಲಿ ಏರ್ ಡೆಕ್ಕನ್ ಕಟ್ಟಿ, ವಿಮಾನ ಹತ್ತುತ್ತೇವೆಂದು ಕನಸನ್ನೂ ಕಾಣದವರನ್ನು ವಿಮಾನ ಹತ್ತಿಸಿದರು.

ಕೊನೆಗೆ ನನ್ನದೇ ಒಂದು ಮಾತು. ಒಂದು ಮಳೆಗಾಲದ ನಸುಕಿನಲ್ಲಿ ವಿಮಾನವೊಂದರ ಟೈರಿನ ಮೇಲೆ ಒಂದು ಸೀಳು ಕಂಡಿತು. ಬದಲಿ ಚಕ್ರ ಬರುವುದು ತಡವಿತ್ತು. ಪ್ರಯಾಣಿಕರು ಗದರಿದರು, ಮೇಲಧಿಕಾರಿಯ ಫೋನು ಮತ್ತೆ ಮತ್ತೆ ಬಂತು. ನಾನು ಪೆನ್ನು ಜೇಬಿನಿಂದ ತೆಗೆಯಲಿಲ್ಲ. ಎರಡು ಗಂಟೆ ತಡವಾಗಿ, ಹೊಸ ಚಕ್ರದ ಮೇಲೆ ವಿಮಾನ ಹೊರಟಿತು, ಕ್ಷೇಮವಾಗಿ ಇಳಿಯಿತು. ಅದರಲ್ಲಿದ್ದ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಏನೂ ಆಗಲಿಲ್ಲ ಎಂಬುದೇ ನಮ್ಮ ದುಡಿಮೆಯ ಫಲ.

ಇಂದು ನಿಮ್ಮ ಪದವಿ ಪತ್ರದ ಮೇಲೆ ಕುಲಪತಿಗಳ ರುಜು ಇದೆ. ನಾಳೆ ನಿಮ್ಮ ರುಜುವನ್ನು ನಂಬಿ ಯಾರೋ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣು ಮುಚ್ಚುತ್ತಾಳೆ. ಕಣ್ಣಳತೆಗೆ ಬಿಡಬೇಡಿ, ಮಕ್ಕಳೇ. ಅಳೆದು ನೋಡಿ, ಆಮೇಲೆ ರುಜು ಹಾಕಿ.